ಹಳೆ ಲ್ಯಾಪ್‌ಟಾಪ್ ಕೊಂಡಿರಾ? ಮೊದಲು ಒರೆಸಿ, ಆಮೇಲೆ ನೀವೇ ಹಾಕಿಕೊಳ್ಳಿ

ಬಾಗಲಕೋಟೆ ನವನಗರದಲ್ಲೇ ಆಗಲಿ, ಜಮಖಂಡಿ, ಮುಧೋಳ, ಇಳಕಲ್‌ನಲ್ಲೇ ಆಗಲಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ದುಡ್ಡು ಎಣಿಸಿ ಕೊಡುವಾಗ ಒಂದು ಮಾತು ಕಿವಿಗೆ ಬೀಳುತ್ತದೆ: "ಎಲ್ಲಾ ಹಾಕಿ ಕೊಟ್ಟೀನ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ." ಮನೆಗೆ ತಂದು ನೋಡಿದರೆ ವಿಂಡೋಸ್ ಇದೆ, ಆಫೀಸ್ ಇದೆ, ಫೋಟೋಶಾಪ್ ಇದೆ, ಆಂಟಿವೈರಸ್ ಎರಡೆರಡು ಇವೆ, ಯಾರೂ ಕೇಳದ ಆಟವೂ ಇದೆ. ಸಾಮಾನ್ಯವಾಗಿ ಇದೆಲ್ಲ ಬಂದಿರುವುದು ಒಂದೇ ಪೆನ್‌ಡ್ರೈವ್‌ನಿಂದ. ಆ ಪೆನ್‌ಡ್ರೈವ್ ಒಳಗೆ ಎಲ್ಲಿಂದ ಬಂತು ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ.

ನನ್ನ ಸಲಹೆ ಇಷ್ಟೇ. ಅವರು ಹಾಕಿ ಕೊಟ್ಟದ್ದನ್ನು ಪೂರ್ತಿ ಒರೆಸಿ, ಬೇಕಾದದ್ದನ್ನು ನೀವೇ ಹಾಕಿಕೊಳ್ಳಿ. ಒಂದು ಭಾನುವಾರ ಮತ್ತು ಸ್ವಲ್ಪ ಗಟ್ಟಿ ಇಂಟರ್ನೆಟ್ ಇದ್ದರೆ ಸಾಕು. ಈ ಕೆಲಸಕ್ಕೆ ಕಂಪ್ಯೂಟರ್ ಕೋರ್ಸ್ ಮಾಡಿರಬೇಕು ಅಂತೇನಿಲ್ಲ.

ಸಾಫ್ಟ್‌ವೇರ್ ಅಂದರೆ

ರಬಕವಿ-ಬನಹಟ್ಟಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ಕಾರ್ಡ್‌ಗಳ ಸರ ಇರುತ್ತದಲ್ಲ, ಯಾವ ಎಳೆ ಮೇಲೆ ಏಳಬೇಕು ಅಂತ ಹೇಳುವುದು ಆ ತೂತುಗಳೇ. ಮಗ್ಗ ಅದೇ, ಕಾರ್ಡ್ ಬದಲಿಸಿದರೆ ಡಿಸೈನ್ ಬೇರೆ. ಮಗ್ಗ ಹಾರ್ಡ್‌ವೇರ್, ಕಾರ್ಡ್ ಸಾಫ್ಟ್‌ವೇರ್. ಇದು ಬರೀ ಹೋಲಿಕೆಗೆ ಹೇಳಿದ ಮಾತಲ್ಲ. 1890ರ ಅಮೆರಿಕದ ಜನಗಣತಿಯನ್ನು ಯಂತ್ರದಲ್ಲಿ ಎಣಿಸಿದ್ದು ತೂತು ಕಾರ್ಡ್‌ಗಳಿಂದಲೇ. ಮುಂದೆ ಬಹಳ ಕಾಲ ಕಂಪ್ಯೂಟರ್‌ಗಳೂ ಅಂಥ ಕಾರ್ಡ್‌ಗಳನ್ನೇ ಓದಿದವು.

ಸಾಫ್ಟ್‌ವೇರ್‌ನಲ್ಲಿ ಎರಡು ಬಗೆ. ಯಂತ್ರವನ್ನು ನಡೆಸುವ ಮುಖ್ಯ ಸಾಫ್ಟ್‌ವೇರ್ ಆಪರೇಟಿಂಗ್ ಸಿಸ್ಟಂ. ನಮ್ಮ ಕಡೆ ಹೆಚ್ಚಿನವರಲ್ಲಿ ಅದು ವಿಂಡೋಸ್. ಅದರ ಮೇಲೆ ಓಡುವ ಬ್ರೌಸರ್, ಲೆಕ್ಕ ಇಡುವ ಟ್ಯಾಲಿ, ಕನ್ನಡ ಟೈಪ್ ಮಾಡುವ ನುಡಿ, ವಿಡಿಯೋ ನೋಡುವ ವಿಎಲ್‌ಸಿ ಎಲ್ಲವೂ ಅಪ್ಲಿಕೇಶನ್‌ಗಳು. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ದುಡ್ಡು ಕೊಡುವ ಮುಂಚೆ ಎರಡು ನೋಟ

ಮೊದಲನೆಯದು ಪ್ರೊಸೆಸರ್ ನಂಬರ್. ಪ್ರೊಸೆಸರ್ ಅಂದರೆ ಯಂತ್ರದ ಮೆದುಳಿನಂಥ ಚಿಪ್. ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಅದರ ಕೆಳಗೆ ಅಬೌಟ್ ಒತ್ತಿ. 'ಐ5-6300ಯು' ಅಂತ ಏನೋ ಕಾಣುತ್ತದೆ. ಅಡ್ಡಗೆರೆ ಆದಮೇಲಿನ ಮೊದಲ ಅಂಕಿಯೇ ಜನರೇಶನ್, ಅಂದರೆ ಚಿಪ್‌ನ ತಲೆಮಾರು. 6300 ಅಂದರೆ ಆರನೇದು, 8250 ಅಂದರೆ ಎಂಟನೇದು. 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಸೇರಿಸಿ ಓದಿ: 10210 ಹತ್ತನೇದು, 1135 ಹನ್ನೊಂದನೇದು. ಅಂಗಡಿಯಲ್ಲಿ "ಐ5 ಐತ್ರಿ, ಐ7 ಐತ್ರಿ" ಅಂದಾಗ ಜನರೇಶನ್ ಕೇಳದೆ ತಲೆ ಆಡಿಸಬೇಡಿ. ನಾಲ್ಕನೇ ಜನರೇಶನ್‌ನ ಐ7ಗಿಂತ ಎಂಟನೇದರ ಐ5 ತಗೊಳ್ಳುವುದೇ ಜಾಣತನ.

ಯಾಕೆ ಅಂದರೆ ವಿಂಡೋಸ್ 11. ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಮತ್ತು ಅದರ ಮುಂದಿನವು ಮಾತ್ರ ನಡೆಯುತ್ತವೆ. 4 ಜಿಬಿ ರ್‍ಯಾಮ್‌ನಲ್ಲಿ ಓಡುತ್ತದೆ ಅಂತ ಕಾಗದದ ಮೇಲೆ ಇದೆ, ಆದರೆ ಬ್ರೌಸರ್ ತೆರೆದರೆ ಅಳುತ್ತದೆ. 8 ಜಿಬಿ ಇರಲಿ, ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಇರಲಿ. ಹಳೆ ವಿಂಡೋಸ್ 10ಕ್ಕೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಸ್ತರಣೆ ಯೋಜನೆಗೆ ಸೇರಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಹೆಚ್ಚು ಕೊಟ್ಟಿದ್ದಾರೆ, ಅಷ್ಟೇ. ಆದ್ದರಿಂದಲೇ ವಿಂಡೋಸ್ 10ರ ಲ್ಯಾಪ್‌ಟಾಪ್‌ಗಳು ಅಗ್ಗಕ್ಕೆ ಸಿಗುತ್ತವೆ.

ಎರಡನೆಯದು ಆ್ಯಕ್ಟಿವೇಶನ್, ಅಂದರೆ ಈ ವಿಂಡೋಸ್‌ಗೆ ಲೈಸೆನ್ಸ್ ಇದೆ ಅನ್ನುವ ಗುರುತು. ಸೆಟ್ಟಿಂಗ್ಸ್‌ನ ಸಿಸ್ಟಂನಲ್ಲೇ ಆ್ಯಕ್ಟಿವೇಶನ್ ಅಂತ ಇದೆ. 'ಡಿಜಿಟಲ್ ಲೈಸೆನ್ಸ್' ಅಂತ ತೋರಿಸಿದರೆ ಬಹುತೇಕ ಸರಿ ಇದೆ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅಸಲಿ ಲೈಸೆನ್ಸ್ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಒರೆಸಿ ಮತ್ತೆ ಹಾಕಿದರೂ ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹೀಗಿರುವಾಗ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸಲು ಬೀಗ ಮುರಿಯುವ ಕಳ್ಳ ಸಾಫ್ಟ್‌ವೇರ್) ಹಾಕುವುದು ಸುಮ್ನೆ ಮೈಮೇಲೆ ಎಳೆದುಕೊಳ್ಳುವ ಉಸಾಬರಿ.

ಕ್ರ್ಯಾಕ್‌ನಲ್ಲಿ ಏನು ತೊಂದರೆ ಅಂತ ಕೇಳುವವರು ಇದ್ದಾರೆ. ಈ ಒಂದನ್ನು ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ, ಕೆಳಗಡೆ ಎಕ್ಸ್‌ಕ್ಲೂಶನ್ಸ್ ಅಂತ ಇರುವುದನ್ನು ತೆರೆಯಿರಿ. ಕ್ರ್ಯಾಕ್ ಹಾಕಿದ ಯಂತ್ರದಲ್ಲಿ ಎಷ್ಟೋ ಸಲ ಅಲ್ಲಿ ಒಂದು ಫೋಲ್ಡರ್ ಹೆಸರು ಕೂತಿರುತ್ತದೆ. 'ಈ ಜಾಗದಲ್ಲಿ ಏನೇ ನಡೆದರೂ ನೋಡಬೇಡ' ಅಂತ ಆಂಟಿವೈರಸ್‌ಗೆ ಹೇಳಿಟ್ಟಿದ್ದಾರೆ ಅಂತ ಅರ್ಥ. ಆ ಫೋಲ್ಡರ್‌ನಲ್ಲಿ ಕ್ರ್ಯಾಕ್ ಒಂದೇ ಇದೆಯೋ, ಪಾಸ್‌ವರ್ಡ್ ಕದಿಯುವ ಇನ್ನೊಂದು ಇದೆಯೋ, ನೋಡುವವರು ಯಾರೂ ಇಲ್ಲ.

ಒರೆಸುವುದು

ಇದು ಮುಖ್ಯ ಹೆಜ್ಜೆ. ಚಾರ್ಜರ್ ಹಚ್ಚಿ ಇಡಿ. ಒಳಗೆ ನಿಮ್ಮದೇ ಫೋಟೋ, ಫೈಲ್ ಹಾಕಿದ್ದರೆ ಮೊದಲು ಬೇರೆ ಕಡೆ ತೆಗೆದಿಡಿ.

1. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ತೆರೆಯಿರಿ. ಅಲ್ಲಿ ರೀಸೆಟ್ ಬಟನ್ ಇದೆ.
2. 'ಕೀಪ್ ಮೈ ಫೈಲ್ಸ್' ಬೇಡ, 'ರಿಮೂವ್ ಎವೆರಿಥಿಂಗ್' ಆರಿಸಿ.
3. ಆಮೇಲೆ ಎರಡು ದಾರಿ ಕೇಳುತ್ತದೆ. 'ಕ್ಲೌಡ್ ಡೌನ್‌ಲೋಡ್' ಅಂದರೆ ಹೊಸ ವಿಂಡೋಸನ್ನು ಮೈಕ್ರೋಸಾಫ್ಟ್‌ನಿಂದಲೇ ತರಿಸುವುದು. 'ಲೋಕಲ್' ಅಂದರೆ ಒಳಗೆ ಇದ್ದದ್ದನ್ನೇ ಮತ್ತೆ ಕಟ್ಟುವುದು. ನಮಗೆ ಬೇಕಾದದ್ದು ಕ್ಲೌಡ್. 4 ಜಿಬಿಗಿಂತ ಜಾಸ್ತಿ ಡೇಟಾ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನ ಹಾಟ್‌ಸ್ಪಾಟ್‌ನಲ್ಲಿ ಆಗುವುದಿಲ್ಲ, ವೈಫೈ ಇರುವ ಗೆಳೆಯರ ಮನೆಗೆ ಹೋಗಿ.
4. 'ಕ್ಲೀನ್ ಡೇಟಾ' ಆಯ್ಕೆ ಕಂಡರೆ ಹೌದು ಅನ್ನಿ. ಹಿಂದಿನ ಮಾಲೀಕರ ಫೈಲ್ ಉಳಿಯುವುದಿಲ್ಲ. ಹೊತ್ತು ಹಿಡಿಯುತ್ತದೆ.

ಕ್ರ್ಯಾಕ್ ಇದ್ದ ಗುಮಾನಿ ಬಲವಾಗಿದ್ದರೆ ನಾನು ರೀಸೆಟ್‌ಗೂ ನಿಲ್ಲುವುದಿಲ್ಲ. ಬೇರೆ ಒಳ್ಳೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ತುಂಬಿಸಿ, ಅದರಿಂದಲೇ ಹೊಸದಾಗಿ ಹಾಕುತ್ತೇನೆ. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಹೋಗುತ್ತದೆ, ಖಾಲಿಯದ್ದನ್ನೇ ಬಳಸಿ.

ಒರೆಸಿದ ಮೇಲೆ ವಿಂಡೋಸ್ ಹೊಸದಾಗಿ ಎದ್ದು ಭಾಷೆ, ವೈಫೈ ಕೇಳುತ್ತದೆ. ಇಲ್ಲಿ ಕಣ್ಣು ತೆರೆದಿರಲಿ. ಪರದೆ ಮೇಲೆ ಯಾವುದೋ ಕಂಪನಿ ಹೆಸರು ಬಂದು, ಆ ಕಂಪನಿಯ ಇಮೇಲ್ ಹಾಕಿ ಅಂದರೆ, ಆ ಲ್ಯಾಪ್‌ಟಾಪ್ ಇನ್ನೂ ಹಳೆ ಕಂಪನಿಯ ಪಟ್ಟಿಯಲ್ಲೇ ಇದೆ. ಎಷ್ಟು ಸಲ ಒರೆಸಿದರೂ ಮತ್ತೆ ಅದೇ ಬರುತ್ತದೆ. ಅದನ್ನು ಬಿಡಿಸುವುದು ಆ ಕಂಪನಿಯ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ವಾಪಸ್ ಕೊಟ್ಟು ಬೇರೆ ಕೇಳಿ. ಕೊಳ್ಳುವಾಗಲೇ "ರೀಸೆಟ್ ಮಾಡಿ ನೋಡ್ತೀನಿ, ಲಾಕ್ ಬಂದರೆ ಬದಲಿ ಕೊಡಬೇಕು" ಅಂತ ಬಿಲ್ ಮೇಲೆ ಬರೆಸಿಕೊಂಡರೆ ಒಳ್ಳೆಯದು. ಬಿಲ್ಲೇ ಕೊಡದ ಕಡೆ ಕೊಳ್ಳದಿರುವುದು ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಲಾಕ್ ಆಗುತ್ತದೆ. ಕಳವಾದರೆ ಇದು ಉಪಕಾರ. ಆದರೆ ಯಾವಾಗಲೋ ರಿಪೇರಿಯಾದ ಮೇಲೆ 48 ಅಂಕಿಯ ರಿಕವರಿ ಕೀ ಕೇಳಿಬಿಟ್ಟರೆ? ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಈಗಲೇ ಹುಡುಕಿ, ಒಂದು ಚೀಟಿಯಲ್ಲಿ ಬರೆದು, ಮನೆ ಕಾಗದಪತ್ರದ ಜೊತೆ ಇಡಿ. ಆ ಖಾತೆಯ ಪಾಸ್‌ವರ್ಡನ್ನೂ ಮರೆಯಬೇಡಿ.

ಅಪ್‌ಡೇಟ್, ಆಮೇಲೆ ಎರಡು ಖಾತೆ

ಬೇರೆ ಏನೂ ಹಾಕುವ ಮುಂಚೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಒತ್ತಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ ಮತ್ತೆ ಒತ್ತಿ. ಇನ್ನೇನೂ ಬಾಕಿ ಇಲ್ಲ ಅನ್ನುವವರೆಗೆ ಬಿಡಬೇಡಿ. ಅಪ್‌ಡೇಟ್ ಅಂದರೆ ಬರೀ ಡೇಟಾ ತಿನ್ನುವ ಕಿರಿಕಿರಿ ಅಂತ ಬಂದ್ ಮಾಡಿಸಿಕೊಳ್ಳುವವರು ಜಾಸ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಜಗತ್ತಿನ ತುಂಬ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ಒಳಗೆ ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟು ಮುಚ್ಚಿತ್ತು. ಹೆಚ್ಚಾಗಿ ಸಿಕ್ಕಿಬಿದ್ದವರು ಅಪ್‌ಡೇಟ್ ಮಾಡದೆ ಬಿಟ್ಟವರು.

ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ಅಪ್‌ಡೇಟ್‌ಗೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ವಿಂಡೋಸ್ ಏಳದೇ ಹೋಗಬಹುದು.

ಆಮೇಲೆ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಇನ್ನೊಂದು ಖಾತೆ ಮಾಡಿ. ಅದು 'ಸ್ಟ್ಯಾಂಡರ್ಡ್ ಯೂಸರ್' ಆಗಿರಲಿ. ದಿನಾ ಬಳಸುವುದು ಅದನ್ನೇ. ಸಾಫ್ಟ್‌ವೇರ್ ಹಾಕುವಾಗ ಮಾತ್ರ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಮಗ ಗೇಮ್ ಹುಡುಕುತ್ತಾ ಎಲ್ಲೆಲ್ಲೋ ಒತ್ತಿದರೂ ಆ ಪಾಸ್‌ವರ್ಡ್ ಹತ್ತಿರ ಬಂದು ನಿಲ್ಲುತ್ತಾನೆ. ನನ್ನ ಮಟ್ಟಿಗೆ ದುಡ್ಡು ಕೊಟ್ಟು ತರುವ ಆಂಟಿವೈರಸ್‌ಗಿಂತ ಈ ಪುಕ್ಕಟೆ ಉಪಾಯ ಮನೆಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್‌ಸ್ಟಾಲ್ ಮಾಡುವುದು: ಒಂದನ್ನು ಪೂರ್ತಿ ನೋಡೋಣ

ವಿಎಲ್‌ಸಿಯನ್ನೇ ತಗೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಒಂದೆರಡು ಫಲಿತಾಂಶಕ್ಕೆ 'ಸ್ಪಾನ್ಸರ್ಡ್' ಅಂತ ಸಣ್ಣಗೆ ಬರೆದಿರಬಹುದು. ಅವು ಜಾಹೀರಾತು. ಅವನ್ನು ದಾಟಿ ಕೆಳಗೆ ಬನ್ನಿ. ವಿಎಲ್‌ಸಿ ಮಾಡಿದವರ ಹೆಸರು ವಿಡಿಯೋಲ್ಯಾನ್, ಅವರ ವಿಳಾಸ ವಿಡಿಯೋಲ್ಯಾನ್ ಡಾಟ್ ಆರ್ಗ್. ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಅದೇ ಇದೆಯಾ ಅಂತ ಅಕ್ಷರ ಅಕ್ಷರ ಓದಿ. 'ಫ್ರೀ ಡೌನ್‌ಲೋಡ್' ಅಂತ ದೊಡ್ಡ ಹಸಿರು ಬಟನ್ ಐದಾರು ಕಡೆ ಮಿನುಗುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

ಇಳಿದ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಪರದೆ ಮಂಕಾಗಿ, ಈ ಆ್ಯಪ್ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಬಹುದಾ ಅಂತ ಇಂಗ್ಲಿಷ್‌ನಲ್ಲಿ ಒಂದು ಪೆಟ್ಟಿಗೆ ಕೇಳುತ್ತದೆ. ಎಲ್ಲರೂ ಓದದೆ 'ಎಸ್' ಒತ್ತುವ ಪೆಟ್ಟಿಗೆ ಇದು. ಓದಬೇಕಾದ ಸಾಲು ಒಂದೇ: 'ವೆರಿಫೈಡ್ ಪಬ್ಲಿಷರ್'. ಅದರ ಮುಂದೆ ವಿಡಿಯೋಲ್ಯಾನ್ ಅಂತ ಇದ್ದರೆ ಮುಂದೆ ಹೋಗಿ. ಪೆಟ್ಟಿಗೆ ಹಳದಿಯಾಗಿ, ಪಬ್ಲಿಷರ್ 'ಅನ್‌ನೋನ್' ಅಂತ ಬಂದರೆ 'ನೋ' ಒತ್ತಿ, ಫೈಲ್ ಎಲ್ಲಿಂದ ಬಂತು ಅಂತ ಮತ್ತೆ ನೋಡಿ. ಚಿಕ್ಕ ತಂಡಗಳ ಒಳ್ಳೆ ಸಾಫ್ಟ್‌ವೇರ್‌ಗೂ ಕೆಲವೊಮ್ಮೆ ಹೀಗೆ ಬರುತ್ತದೆ, ಆದರೆ ಹೊಸಬರು ಆ ಗೊಡವೆಗೆ ಹೋಗದಿರುವುದೇ ಸರಿ.

ಆಮೇಲೆ ನೆಕ್ಸ್ಟ್, ನೆಕ್ಸ್ಟ್, ಇನ್‌ಸ್ಟಾಲ್, ಫಿನಿಶ್. ಕೆಲವು ಉಚಿತ ಸಾಫ್ಟ್‌ವೇರ್‌ಗಳು ನಡುವೆ 'ಇದನ್ನೂ ಹಾಕಲಾ' ಅಂತ ಟಿಕ್ ಹಾಕಿಟ್ಟ ಚೌಕ ತೋರಿಸುತ್ತವೆ. ಆ ಟಿಕ್ ತೆಗೆಯಿರಿ. ಬೇಡವಾದದ್ದನ್ನು ತೆಗೆಯಲು ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿ. ಡೆಸ್ಕ್‌ಟಾಪ್ ಮೇಲಿನ ಐಕಾನ್ ಅಳಿಸಿದರೆ ಸಾಫ್ಟ್‌ವೇರ್ ಹೋಗುವುದಿಲ್ಲ, ಐಕಾನ್ ಮಾತ್ರ ಹೋಗುತ್ತದೆ.

ಇದೇ ದಾರಿಯಲ್ಲಿ ಲಿಬ್ರೆಆಫೀಸ್ ಹಾಕಿಕೊಳ್ಳಿ. ಪೂರ್ತಿ ಉಚಿತ, ಅಸಲಿ, ಕ್ರ್ಯಾಕ್ ಬೇಕಿಲ್ಲ. ಅರ್ಜಿ ಬರೆಯಲು, ಸೀರೆ ಅಂಗಡಿ ಲೆಕ್ಕ ಇಡಲು, ಕಾಲೇಜಿನ ಪ್ರಾಜೆಕ್ಟ್ ಮಾಡಲು ಸಾಕು. ವರ್ಡ್ ಫೈಲ್‌ಗಳನ್ನೂ ತೆರೆಯುತ್ತದೆ, ಸ್ವಲ್ಪ ಸಾಲು ಅತ್ತಿತ್ತ ಆಗಬಹುದು. ಪಿಡಿಎಫ್ ನೋಡಲು ಬ್ರೌಸರ್ರೇ ಸಾಕು.

ಎಂಟನೇ ಜನರೇಶನ್‌ಗಿಂತ ಹಳೇ ಲ್ಯಾಪ್‌ಟಾಪ್ ಈಗಾಗಲೇ ಮನೆಯಲ್ಲಿದ್ದರೆ ವಿಂಡೋಸ್ ಬದಲು ಹಾಕುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ನೋಡಿ. ಅದೂ ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಮಾತ್ರ ಹಾಕಬಹುದು. ಟ್ಯಾಲಿ, ನುಡಿ ನಿಮಗೆ ಬೇಕೇ ಬೇಕು ಅಂದರೆ ಮಾತ್ರ ಅದು ನಿಮಗಲ್ಲ.

ಕನ್ನಡ ಟೈಪಿಂಗ್

ಬರೀ ಕನ್ನಡ ಬರೆಯಲು ಈಗ ಯಾವ ಸಾಫ್ಟ್‌ವೇರೂ ಇಳಿಸಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ. ಅದರ ಆಯ್ಕೆಗಳಲ್ಲಿ 'ಕನ್ನಡ ಫೋನೆಟಿಕ್' ಕೀಬೋರ್ಡ್ ಹಾಕಿಕೊಂಡರೆ ಇಂಗ್ಲಿಷ್ ಅಕ್ಷರ ಒತ್ತಿದ ಹಾಗೆ ಕನ್ನಡ ಮೂಡುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ.

ಹಾಗಾದರೆ ನುಡಿ ಯಾಕೆ? ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಪ್ರೆಸ್‌ಗಳಲ್ಲಿ, ಕಚೇರಿಗಳಲ್ಲಿ ಇನ್ನೂ ಓಡಾಡುತ್ತವೆ. ಅವು ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಟೋಪಿ, ಚುಕ್ಕಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದು ವೈರಸ್ ಅಲ್ಲ, ಗಾಬರಿ ಬೇಡ. ಮದುವೆ ಪತ್ರಿಕೆ ಮಾಡಿಸಲು ಹೋದಾಗ ಪ್ರೆಸ್‌ನವರನ್ನು 'ನುಡಿ ಬೇಕೋ ಯುನಿಕೋಡ್ ಬೇಕೋ' ಅಂತ ಮೊದಲೇ ಕೇಳಿ. ನಿಮ್ಮ ಸ್ವಂತದ್ದೆಲ್ಲ ಯುನಿಕೋಡ್‌ನಲ್ಲೇ ಇರಲಿ.

ವೈರಸ್ ಬರುವ ದಾರಿಗಳು

ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಎರಡು ಆಂಟಿವೈರಸ್ ಹಾಕಿದರೆ ಎರಡರಷ್ಟು ಕಾವಲು ಸಿಗುವುದಿಲ್ಲ, ಯಂತ್ರ ಹ್ಯಾಂಗ್ ಆಗುತ್ತದೆ ಅಷ್ಟೇ.

ನಮ್ಮ ಕಡೆ ಬಹಳ ಕಾಣುವುದು ಪೆನ್‌ಡ್ರೈವ್ ರೋಗ. ಝೆರಾಕ್ಸ್ ಅಂಗಡಿಗೆ ಪ್ರಿಂಟ್‌ಗೆ ಅಂತ ಒಯ್ದ ಪೆನ್‌ಡ್ರೈವ್ ಮನೆಗೆ ಬಂದಾಗ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಐಕಾನ್ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ, ಹತ್ತಿರದಿಂದ ನೋಡಿ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವೈರಸ್ ನಿಮ್ಮ ಲ್ಯಾಪ್‌ಟಾಪ್‌ಗೂ ಇಳಿಯುತ್ತದೆ. ಮಾಡಬೇಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೋಲ್ಡರ್ ಕಿಟಕಿಯ ಮೇಲಿರುವ ವ್ಯೂ ಮೆನುವಿನ ಶೋದಲ್ಲಿ 'ಹಿಡನ್ ಐಟಮ್ಸ್' ಒತ್ತಿ. ನಿಮ್ಮ ಅಸಲಿ ಫೈಲ್‌ಗಳು ಎಷ್ಟೋ ಸಲ ಅಲ್ಲೇ ಬಚ್ಚಿಟ್ಟುಕೊಂಡಿರುತ್ತವೆ. ಅವನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಮುಂದಿನ ಸಲ ಪ್ರಿಂಟ್‌ಗೆ ಪಿಡಿಎಫನ್ನು ಅಂಗಡಿಯ ಇಮೇಲ್‌ಗೆ ಕಳಿಸಿ. ಪೆನ್‌ಡ್ರೈವೇ ಬೇಕು ಅಂದರೆ ಪ್ರಿಂಟ್‌ಗೆ ಅಂತಲೇ ಒಂದು ಬೇರೆ ಇಟ್ಟುಕೊಳ್ಳಿ.

ಅದೇ ಶೋದಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಕೂಡ ಒತ್ತಿಡಿ. ಆಗ 'ಬಿಲ್ ಡಾಟ್ ಪಿಡಿಎಫ್' ಅಂತ ಕಾಣುತ್ತಿದ್ದ ಫೈಲ್ ನಿಜವಾಗಿ 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಅಂತ ಬಯಲಾಗುತ್ತದೆ. ಇಎಕ್ಸ್‌ಇ ಅಂದರೆ ಓಡುವ ಸಾಫ್ಟ್‌ವೇರ್. ಬಿಲ್ ಯಾವತ್ತೂ ಓಡುವುದಿಲ್ಲ. ಫೋನಿನಲ್ಲಿ ಎಪಿಕೆ ಫೈಲ್ ಇದರ ಅಣ್ಣತಮ್ಮ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಎಪಿಕೆ ಬಂದರೆ ಮುಟ್ಟಬೇಡಿ, ಪರಿಚಯದವರ ನಂಬರಿನಿಂದ ಬಂದಿದ್ದರೂ.

ಸಿನಿಮಾ ಇಳಿಸುವ ವೆಬ್‌ಸೈಟ್‌ಗಳಲ್ಲಿ 'ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ' ಅಂತ ಬರುತ್ತದೆ. ಒತ್ತಿದರೆ ದಿನವಿಡೀ ಪರದೆಯ ಮೂಲೆಯಲ್ಲಿ 'ವೈರಸ್ ಸಿಕ್ಕಿದೆ' ಅಂತ ಸುಳ್ಳು ಸೂಚನೆ ಹಾರಾಡುತ್ತವೆ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ತೆರೆದು ಆ ಹೆಸರು ತೆಗೆದರೆ ಮುಗಿಯಿತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: 'ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ'. ಯಾವ ಒಳ್ಳೆ ವೆಬ್‌ಸೈಟೂ ಹಾಗೆ ಕೇಳುವುದಿಲ್ಲ. ನಿಮ್ಮ ಕೈಯಿಂದಲೇ ವೈರಸ್ ಹಾಕಿಸುವ ತಂತ್ರ ಅದು.

ಪರದೆ ತುಂಬ ಕೆಂಪು ಎಚ್ಚರಿಕೆ, ಸೈರನ್ ಸದ್ದು, ಒಂದು ಫೋನ್ ನಂಬರ್ ಬಂದರೆ ಕರೆ ಮಾಡಬೇಡಿ. ಆಲ್ಟ್ ಹಿಡಿದು ಎಫ್4 ಒತ್ತಿ, ಆಗದಿದ್ದರೆ ಯಂತ್ರ ಆಫ್ ಮಾಡಿ. ಫೋನ್ ಮಾಡಿದವರು ಎನಿಡೆಸ್ಕ್ ಹಾಕಿಕೊಳ್ಳಿ ಅಂದರೆ ಕರೆ ಕಟ್ ಮಾಡಿ. ಎನಿಡೆಸ್ಕ್ ಕೆಟ್ಟ ಸಾಫ್ಟ್‌ವೇರ್ ಅಲ್ಲ, ಆದರೆ ಅದರಿಂದ ನಿಮ್ಮ ಪರದೆ ಅವರ ಕೈಗೆ ಹೋಗುತ್ತದೆ.

ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಪಾಸ್‌ವರ್ಡ್ ಮತ್ತು ಬ್ಯಾಕಪ್

ಪಾಸ್‌ವರ್ಡ್ ಉದ್ದ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ. 'ಮೆಣಸಿನಕಾಯಿ ಕಪಾಟು ಜೋಕಾಲಿ ಗುಡುಗು' ಅನ್ನುವ ಹಾಗೆ, ಆದರೆ ಇದೇ ಬೇಡ. ಮಗಳ ಹೆಸರು, ಹುಟ್ಟಿದ ವರ್ಷ ಬೇಡವೇ ಬೇಡ. ಇಮೇಲ್‌ಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಫೋನಿನಿಂದಲೂ ಒಪ್ಪಿಗೆ ಕೇಳುವುದು) ಹಾಕಿ. ಇಮೇಲ್ ಕೈತಪ್ಪಿದರೆ ಉಳಿದದ್ದೆಲ್ಲ ಕೈತಪ್ಪುತ್ತದೆ.

ಪಹಣಿ, ಮಾರ್ಕ್ಸ್‌ಕಾರ್ಡ್, ಫೋಟೋಗಳ ಒಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ನಲ್ಲಿರಲಿ. ಕಾಪಿ ಆದಮೇಲೆ ಡಿಸ್ಕ್ ಬಿಚ್ಚಿಡಿ. ಹಚ್ಚಿಯೇ ಇಟ್ಟರೆ ಫೈಲ್‌ಗೆ ಬೀಗ ಹಾಕುವ ವೈರಸ್ ಅದನ್ನೂ ಬಿಡುವುದಿಲ್ಲ.

ಯಾವಾಗಲಾದರೂ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಡಬೇಕಾದರೆ, ಬ್ರೌಸರ್‌ನಲ್ಲಿ ಎಲ್ಲ ಖಾತೆಗಳಿಂದ ಸೈನ್ ಔಟ್ ಆಗಿ. "ನನಗೆ ಕೇಳದೆ ಫಾರ್ಮ್ಯಾಟ್ ಮಾಡಬೇಡಿ, ಏನೂ ಹೊಸದು ಹಾಕಬೇಡಿ" ಅಂತ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಮೇಲೆ ಅಂಟಿಸಿ ಕೊಡಿ. ವಾಪಸ್ ತಂದ ದಿನ ಎಕ್ಸ್‌ಕ್ಲೂಶನ್ಸ್ ಪಟ್ಟಿ ಮತ್ತು ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿ, ಎರಡನ್ನೂ ತೆರೆದು ನೋಡಿ.